‘ಹುಬ್ಬಳ್ಳಿ’ಗೆ 27 ಬೈಟ್

ಇವತ್ತು ವಿದ್ಯಾನಗರದ ರೂಮಿನಲ್ಲಿ ತಮ್ಮನ ಪ್ರಾಜೆಕ್ಟ್ ನೋಡುತ್ತಾ ಕೂತಿದ್ದೆ. ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಂ. ‘ಹುಬ್ಬಳ್ಳಿ’ ಅಂತ ಕೊಟ್ಟ. ಪದದ ಉದ್ದ ಹೇಳುವ ಸ್ಟ್ರ್‌ಲೆನ್ (strlen) ಫಂಕ್ಷನ್ 27 ಅಂದಿತು!

ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಸ್ಟ್ರ್‌ಲೆನ್ ಬೈಟ್ ಮಾತ್ರ ಎಣಿಸುತ್ತದೆ.

ಒಂದೊಂದು ಚಿಹ್ನೆಯನ್ನೂ ಒಂದೇ ಘಟಕವಾಗಿ ಇಡುವ ವೈಡ್ ಕ್ಯಾರೆಕ್ಟರ್‌ಗೆ ಬದಲಾಯಿಸಲು ಎಂಬಿಎಸ್‌ಟಿಒಡಬ್ಲ್ಯುಸಿಎಸ್ (mbstowcs) ಅನ್ನುವ ಫಂಕ್ಷನ್ ಹಾಕಿದ. -1 ಬಂತು, ಅಂದರೆ ಬದಲಾಯಿಸಲು ಆಗಲಿಲ್ಲ ಅಂತ. ಮೇಲೆ ಸೆಟ್‌ಲೊಕೇಲ್ (setlocale) ಅಂತ ಒಂದು ಸಾಲು ಸೇರಿಸಿದ್ದೇ ತಡ, 9 ಬಂತು. ಲೊಕೇಲ್, ಅಂದರೆ ಭಾಷೆ ಮತ್ತು ಅಕ್ಷರ ಪದ್ಧತಿ ಯಾವುದು ಅಂತ ಹೇಳದಿದ್ದರೆ ಅದಕ್ಕೆ ಕನ್ನಡದ ಬೈಟ್‌ಗಳು ಅರ್ಥವೇ ಆಗುವುದಿಲ್ಲ.

ಆದರೆ ಓದುವಾಗ ಕಾಣುವುದು ಮೂರೇ ಅಕ್ಷರ ಅಲ್ವಾ? ಹು, ಬ್ಬ, ಳ್ಳಿ. ಕೊಂಬು, ಗುಡಿಸು, ಒತ್ತನ್ನು ಕೂಡಿಸುವ ವಿರಾಮ ಚಿಹ್ನೆ (್), ಇವೆಲ್ಲ ವೈಡ್‌ನಲ್ಲೂ ಬೇರೆ ಬೇರೆಯೇ. ಒಂಬತ್ತನ್ನೇ ನಂಬಿ ಹೆಸರು ಕತ್ತರಿಸಿದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ನಮ್ಮ ಹುಡುಗರು ಬರೆಯುವ ಸಾಫ್ಟ್‌ವೇರ್ ಆ ಮೂರು ಅಕ್ಷರಗಳನ್ನೇ ಎಣಿಸಬೇಕು ಅಂತ ನನಗೆ ತುಂಬಾ ಆಸೆ.