ಒಣಗಿಸಿದರೂ ಹೋಗದ ವಿಷ: ಹಸಿಮೇವಿನ ನೈಟ್ರೇಟ್

ಎಳೆ ಜೋಳ ತಿಂದರೆ ದನ ಸಾಯುತ್ತದೆ, ಬಾಡಿಸಿ ಹಾಕಿದರೆ ಭಯವಿಲ್ಲ ಎಂಬ ಮಾತು ಹಳ್ಳಿಗಳಲ್ಲಿದೆ. ಎಳೆ ಜೋಳದಲ್ಲಿರುವ ಸೈನೈಡ್ ಎಂಬ ವಿಷದ ಮಟ್ಟಿಗೆ ಅದು ಬಹುಪಾಲು ಸರಿ. ಮಣ್ಣಿನಿಂದ ಗಿಡ ಹೀರುವ ಸಾರಜನಕದ ರೂಪವಾದ ನೈಟ್ರೇಟ್ ಹಾಗಲ್ಲ, ಒಣಗಿಸಿ ಬಣವೆ ಒಟ್ಟಿದರೂ ದಂಟಿನಲ್ಲೇ ಕೂತಿರುತ್ತದೆ. ಪಶುವೈದ್ಯರಾದ ನಾವು ಮೊದಲು ರಕ್ತದ ಬಣ್ಣ ನೋಡುವುದು ಇದಕ್ಕೇ. ಸೈನೈಡ್ ಆದರೆ ಕಡುಗೆಂಪು, ನೈಟ್ರೇಟ್ ಆದರೆ ಚಾಕೊಲೇಟಿನಂಥ ಕಂದು. ನೈಟ್ರೇಟ್ ದನದ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಹಾಗಾಗಿ ಸೈನೈಡಿಗೆ ಕೊಡುವ ಸೋಡಿಯಂ ನೈಟ್ರೈಟನ್ನು ಇಲ್ಲಿ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಇದಕ್ಕೆ ಮದ್ದು ಮೆಥಿಲೀನ್ ಬ್ಲೂ, ಅದೂ ರಕ್ತನಾಳಕ್ಕೆ.

ಬೇರು ಹೀರಿದ ನೈಟ್ರೇಟನ್ನು ಗಿಡ ಬಿಸಿಲಿನ ಬಲದಿಂದ ಪ್ರೋಟೀನ್ ಮಾಡಿಕೊಳ್ಳುತ್ತದೆ. ಮಳೆ ಕೈಕೊಟ್ಟು ಬೆಳೆ ಬಾಡಿದಾಗ, ದಿನಗಟ್ಟಲೆ ಮೋಡ ಕವಿದಾಗ ಆ ಕೆಲಸ ಕುಂಟುತ್ತದೆ. ಯೂರಿಯಾ ಜಾಸ್ತಿ ಬಿದ್ದ ಮೆಕ್ಕೆಜೋಳ, ತಿಪ್ಪೆ ಪಕ್ಕದ ಸಜ್ಜೆ, ಕೊಟ್ಟಿಗೆಯ ಗಂಜಲ ಹರಿಯುವ ನೇಪಿಯರ್ ಹುಲ್ಲಿನ ಸಾಲು, ಇವನ್ನು ಅನುಮಾನದಿಂದಲೇ ನೋಡಬೇಕು. ಒಣಗಿದ ಹೊಲಕ್ಕೆ ಮಳೆ ಬಿದ್ದ ಮರುದಿನವೇ ಕುಡುಗೋಲು ಹಿಡಿಯುವುದು ಎಲ್ಲಕ್ಕಿಂತ ಕೆಟ್ಟದ್ದು, ಬೇರು ಒಮ್ಮೆಲೇ ನೈಟ್ರೇಟ್ ಎಳೆದಿರುತ್ತದೆ. ಕನಿಷ್ಠ ಒಂದು ವಾರ ತಡೆಯಿರಿ.

ವಿಷ ಹೆಚ್ಚಿರುವುದು ದಂಟಿನ ಬುಡದಲ್ಲಿ. ಹಾಗಾಗಿ ನೆಲದಿಂದ ಒಂದು ಗೇಣು, ಅಂದರೆ ಸುಮಾರು 20 ಸೆಂ.ಮೀ., ಬಿಟ್ಟು ಕೊಯ್ಯಿರಿ. ಮೇವಿನ ಬರ ಇರುವಾಗ ಬುಡ ಬಿಡಲು ಮನಸ್ಸು ಬರುವುದಿಲ್ಲ, ನಿಜ. ಕೊಯ್ದ ಹಸಿಮೇವನ್ನು ರಾತ್ರಿಯಿಡೀ ರಾಶಿ ಹಾಕಬೇಡಿ. ಕಾವು ಹತ್ತಿದರೆ ನೈಟ್ರೇಟ್ ಇನ್ನೂ ಘಾತುಕವಾದ ನೈಟ್ರೈಟ್ ಆಗುತ್ತದೆ.

ಪ್ರಯೋಗಾಲಯದ ವರದಿ ಓದುವಾಗ ಒಂದು ಎಡವಟ್ಟು ಆಗುತ್ತಿರುತ್ತದೆ. ಅಂಕಿ 'ನೈಟ್ರೇಟ್ ನೈಟ್ರೋಜನ್' ಎಂದಿದ್ದರೆ 4.4ರಿಂದ ಗುಣಿಸಿ, ಆಗಲೇ ನೈಟ್ರೇಟ್ ಲೆಕ್ಕ ಸಿಗುವುದು. ಒಣ ತೂಕದಲ್ಲಿ ನೈಟ್ರೇಟ್ ಶೇ. 0.5ರೊಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಲ್ಲಿಂದ ಶೇ. 1ರವರೆಗೆ ಅರ್ಧಕ್ಕರ್ಧ ಬೇರೆ ಒಣಮೇವು ಬೆರೆಸಿ. ಅದನ್ನೂ ದಾಟಿದರೆ ಗಬ್ಬದ ದನಕ್ಕೆ ಹಾಕಲೇಬೇಡಿ, ಗರ್ಭಪಾತವಾಗುತ್ತದೆ. ಹಸಿದ ದನಕ್ಕೆ ಮೊದಲು ಹುಲ್ಲು, ಆಮೇಲೆ ಈ ಮೇವು, ಅದೂ ದಿನಕ್ಕೆ ಎರಡು ಮೂರು ಸಲ ಸ್ವಲ್ಪಸ್ವಲ್ಪ. ಜೊತೆಗೆ ಜೋಳದ ನುಚ್ಚು ಕೊಟ್ಟರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ನೈಟ್ರೈಟನ್ನು ಅಮೋನಿಯಾ ಮಾಡುವ ಶಕ್ತಿ ಸಿಗುತ್ತದೆ.

ಹಸಿಮೇವನ್ನು ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿಸಿ ರಸಮೇವು (ಸೈಲೇಜ್) ಮಾಡಿದರೆ ನೈಟ್ರೇಟ್ ಅರ್ಧದಷ್ಟು ಇಳಿಯುವುದುಂಟು. ತಿಂಗಳೊಪ್ಪತ್ತಾದರೂ ಗುಂಡಿ ಮುಚ್ಚಿರಲಿ. ಮೊದಲ ಮೂರು ವಾರದಲ್ಲಿ ಹಳದಿ-ಕಂದು ಹೊಗೆ ಕಂಡರೆ ಒಳಗೆ ಬಗ್ಗಬೇಡಿ. ಆ ಗಾಳಿ ಮನುಷ್ಯರ ಶ್ವಾಸಕೋಶವನ್ನೇ ಸುಡುತ್ತದೆ.