ಅಜ್ಜಿಯ ಬೀರುವಿಗೆ ಜೋಡಿಯಾಗಿ ಒಂದು ಮಂಚ

ಹೋದ ಭಾನುವಾರ ಮಂಚಕ್ಕೆ ಕೊನೆಯ ಕೈ ಪಾಲಿಶ್ ಹಚ್ಚಿದೆ. ಸುಮಾರು ಎರಡು ವರ್ಷದ ಕೆಲಸ. ಅದರಲ್ಲಿ ಒಂದೂವರೆ ವರ್ಷ ಮರ ಒಣಗಲಿ ಅಂತ ಕಾದಿದ್ದೇ.

ಸಾಗರದ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಹಲಸಿನ ಬೀರು ಇದೆ. ಅದರ ಪಕ್ಕ ಇಷ್ಟು ದಿನ ಕಬ್ಬಿಣದ ಮಂಚ ಇತ್ತು. ಹಿತ್ತಲ ಹಲಸಿನ ಮರ ಜೂನ್ ತಿಂಗಳ ಗಾಳಿಮಳೆಗೆ ಬಿದ್ದಾಗ ಅಮ್ಮ ಅತ್ತೇಬಿಟ್ಟಳು. ಸೌದೆ ಮಾಡೋದು ಬೇಡ, ನಾನೇ ಮಂಚ ಮಾಡ್ತೀನಿ ಅಂದೆ.

ಒಂದೂವರೆ ಇಂಚು ದಪ್ಪಕ್ಕೆ ಹಲಗೆ ಕೊಯ್ಸಿ, ನಡುನಡುವೆ ರೀಪು ಕೊಟ್ಟು ಕೊಟ್ಟಿಗೆಯಲ್ಲಿ ಪೇರಿಸಿದೆ. ದಪ್ಪ ಇಂಚಿಗೆ ಒಂದು ವರ್ಷ ಅನ್ನೋದು ಹಳೆಯ ಲೆಕ್ಕ. ಪಕ್ಕದ ಕೇರಿಯ ಆಚಾರ್ರನ್ನು ಕೇಳಿದರೆ, "ಹಲಸಿಗೆ ಅವಸರ ಮಾಡಬೇಡಿ ಅಮ್ಮಾ, ಆಮೇಲೆ ಸೊಟ್ಟ ಆಗ್ತದೆ" ಅಂದರು.

ಒಣಗಿದ ಹಲಗೆಗೆ ಕೀಸುಳಿ ಹಾಕಿದಾಗ ಎದೆ ಧಸಕ್ಕೆಂದಿತು. ಒಳಗೆ ಅರಿಶಿನದಂಥ ಹಳದಿ! ಬೀರು ನೋಡಿದರೆ ಕೆಂಪು ಮಿಶ್ರಿತ ಕಂದು. ಬಣ್ಣ ತಂದು ಒಂದು ತುಂಡಿಗೆ ಹಚ್ಚಿ ನೋಡಿದೆ. ಮರದ ಗೆರೆಗಳೆಲ್ಲ ಮುಚ್ಚಿಹೋಗಿ ಕೆಸರು ಬಳಿದ ಹಾಗಾಯಿತು. ಅಳತೆ ತೆಗೆಯಲು ಬೀರುವಿನ ಕೆಳಗಿನ ಡ್ರಾಯರ್ ಪೂರ್ತಿ ಹೊರಗೆಳೆದಾಗ ವಿಷಯ ತಿಳಿಯಿತು. ಬೆಳಕು ಬೀಳದ ಅದರ ಪಕ್ಕದ ಹಲಗೆ ಇನ್ನೂ ಹಳದಿಯಾಗೇ ಇತ್ತು. ಅಂದರೆ ಅಜ್ಜಿಯ ಬೀರುವೂ ಒಂದು ಕಾಲಕ್ಕೆ ನನ್ನ ಹಲಗೆಯ ಹಾಗೇ ಇತ್ತು, ಅಲ್ವಾ? ಬಣ್ಣದ ಡಬ್ಬಿಯನ್ನು ಅಲ್ಲಿಗೇ ಮುಚ್ಚಿಟ್ಟೆ.

ಬಣ್ಣದ ಬದಲು ಅಳತೆಯನ್ನೂ ಅಂಚನ್ನೂ ಹೊಂದಿಸಿದೆ. ಬೀರುವಿನ ಕೆಳಗಿನ ಡ್ರಾಯರ್ ನೆಲದಿಂದ 16 ಇಂಚಿಗೆ ಮುಗಿಯುತ್ತದೆ. ಮಂಚದ ಉದ್ದಪಟ್ಟಿಯ ಮೇಲಂಚನ್ನೂ ಅಲ್ಲಿಗೇ ತಂದೆ. ಈಗ ಬಾಗಿಲಲ್ಲಿ ನಿಂತು ನೋಡಿದರೆ ಎರಡೂ ಒಂದೇ ಗೆರೆಯಲ್ಲಿ ಕಾಣುತ್ತವೆ.

ಬೀರುವಿನ ಪ್ರತಿ ಅಂಚಿನಲ್ಲೂ ಪೆನ್ಸಿಲ್ ದಪ್ಪದ ಒಂದು ದುಂಡು ಏಣು, ಅದಕ್ಕೆ ತಾಗಿ ತೆಳು ಗೀರು. ಇದನ್ನು ಮೂಡಿಸಲು ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡು ಸಾಕಾಯಿತು. ಅದರ ತುದಿಯನ್ನು ಗುಂಡು ಅರದಿಂದ ಉಜ್ಜಿ ಅದೇ ಆಕಾರಕ್ಕೆ ತಂದು, ಒಂದು ಮರದ ತುಂಡಿನ ಸೀಳಿನಲ್ಲಿ ಬಿಗಿಯಾಗಿ ಕೂರಿಸಿದೆ. ಪಟ್ಟಿಯ ಅಂಚಿಗೆ ಒತ್ತಿ ಎಳೆಯುತ್ತಾ ಹೋಗಬೇಕು. ಮೊದಲು ಸುಮ್ನೆ ಗೀಚಿದ ಗುರುತು. ಮೂವತ್ತು ನಲವತ್ತು ಸಲ ಎಳೆದ ಮೇಲೆ ದುಂಡಗಿನ ಏಣು ನಿಧಾನಕ್ಕೆ ಎದ್ದು ಬರುತ್ತದೆ. ಬೆರಳಿಟ್ಟು ಸವರಿದರೆ ಥೇಟ್ ಬೀರುವಿನ ಅಂಚೇ. ಹಲಸಿನ ನಾರು ಅಲ್ಲಲ್ಲಿ ತಿರುಗಿಕೊಂಡಿರುತ್ತದೆ. ಒಂದು ಕಡೆ ಎದುರುನಾರಿಗೆ ಎಳೆದು ಅಂಗುಲದಷ್ಟು ಚಕ್ಕೆ ಕಿತ್ತುಬಂತು. ಆ ಪಟ್ಟಿಯನ್ನು ಗೋಡೆಯ ಕಡೆಗೆ ಹಾಕಿದ್ದೇನೆ.

ಹಾಸಿಗೆ 78 ಇಂಚು ಉದ್ದ, 60 ಇಂಚು ಅಗಲ. ಒಳಚೌಕಟ್ಟಿಗೆ ಎರಡೂ ಕಡೆ ಅರ್ಧರ್ಧ ಇಂಚು ಜಾಸ್ತಿ ಇಟ್ಟೆ. ಅಡಿಗೆ ಪ್ಲೈವುಡ್ ಬೇಡವೇ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ನಮ್ಮ ಮಳೆಗಾಲದಲ್ಲಿ ಗಾಳಿಯಾಡದಿದ್ದರೆ ಹಾಸಿಗೆಯಡಿ ಬೂಸಲು ಹಿಡಿಯುತ್ತದೆ. ಅಕೇಶಿಯಾದ 3 ಇಂಚು ಅಗಲದ 16 ಪಟ್ಟಿ, ನಡುವೆ 2 ಇಂಚು ಸಂದು. ಐದಡಿ ಅಗಲಕ್ಕೆ ಪಟ್ಟಿ ಜಗ್ಗದಂತೆ ನಡುವೆ ಒಂದು ತೊಲೆ, ಅದಕ್ಕೊಂದು ಕಾಲು. ಉದ್ದಪಟ್ಟಿಗಳಿಗೆ ಫೆವಿಕಾಲ್ ಹಾಕಿಲ್ಲ, ಬೋಲ್ಟ್ ಹಾಕಿದ್ದೇನೆ. ನಮ್ಮ ಕೋಣೆಯ ಬಾಗಿಲು ಎರಡೂವರೆ ಅಡಿ ಮಾತ್ರ, ಬಿಚ್ಚದೆ ಒಳಗೆ ಹೋಗುವ ಹಾಗಿಲ್ಲ.

ಬೀರುವಿನ ಹಿಂಬದಿಗೆ ಒಂದು ಹನಿ ಸ್ಪಿರಿಟ್ ಹಾಕಿದಾಗ ಅಂಟಂಟಾಯಿತು. ಹಳೆಯದು ಅರಗಿನ ಪಾಲಿಶ್ ಎಂದು ಗೊತ್ತಾಯಿತು. ನಾನೂ ಅದನ್ನೇ ಹಚ್ಚಿದೆ. ಬಟ್ಟೆಯ ಉಂಡೆಯಲ್ಲಿ, ತೆಳುವಾಗಿ, ಎಂಟು ಸಲ. ಗಾಳಿಯಲ್ಲಿ ತೇವ ಇದ್ದರೆ ಈ ಪಾಲಿಶ್ ಬೆಳ್ಳಗಾಗುತ್ತದೆ. ಅದಕ್ಕೇ ಮಳೆ ಹಿಡಿಯುವ ಮೊದಲೇ ಮುಗಿಸುವ ಗಡಿಬಿಡಿ.

ಮಂಚ ಈಗಲೂ ಹಳದಿಯೇ. ಆದರೆ ಕಿಟಕಿಯ ಹತ್ತಿರದ ಕಾಲು ಆಗಲೇ ಒಂಚೂರು ಜೇನಿನ ಬಣ್ಣಕ್ಕೆ ತಿರುಗಿದೆ. ಅದನ್ನು ಮೊದಲು ನೋಡಿದ್ದು ಅಮ್ಮ. ಈಗ ದಿನಾ ಬೆಳಿಗ್ಗೆ ಬಂದು ಪರದೆ ಪೂರ್ತಿ ಸರಿಸಿ ಹೋಗುತ್ತಾಳೆ.