ಕರೆಂಟು ಹೋದ ನಾಲ್ಕು ನಿಮಿಷ

ಆ ಮಹಿಳೆ ಅಂಗಡಿಗೆ ಬಂದವರೇ ಕೇಳಿದ್ದು, "1965ರದ್ದು ಏನಿದೆ?" ಎಂದು. ಯಾವ ಕಂಪನಿ, ಚಿನ್ನದ್ದೋ ಸ್ಟೀಲಿನದೋ, ಬೆಲೆ ಎಷ್ಟು ಎಂಬುದೆಲ್ಲ ಆಮೇಲೆ ಬಂತು. ಅವರ ಯಜಮಾನರು ಹುಟ್ಟಿದ ವರ್ಷ ಅದು. ಜುಲೈ ಕೊನೆಯ ಭಾನುವಾರ ಮನೆಯಲ್ಲಿ ಷಷ್ಟ್ಯಬ್ದಿ ಶಾಂತಿ. ಮೂರು ವರ್ಷದಿಂದ ಕೂಡಿಟ್ಟ ಹಣ. ಮಗಳೊಬ್ಬಳನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮದು ಬೆಂಗಳೂರಿನಲ್ಲಿ ಹಳೆಯ ಸ್ವಿಸ್ ವಾಚುಗಳನ್ನು ಕೊಂಡು, ಸರ್ವಿಸ್ ಮಾಡಿ ಮಾರುವ ಅಂಗಡಿ. ಮುಂದೆ ಶೋರೂಮ್, ಹಿಂದೆ ಮೂರು ಬೆಂಚು. ನಾನು ಎರಡನೆಯ ಬೆಂಚಿನವನು. ಆ ವಾರವಷ್ಟೇ ಒಂದು ಲಾಟಿನಲ್ಲಿ ಒಮೆಗಾ ಸೀಮಾಸ್ಟರ್ ಬಂದಿತ್ತು. ಸ್ಟೀಲ್ ಕೇಸು, 35 ಮಿಲಿಮೀಟರ್, ಬೆನ್ನಿನ ಮೇಲೆ ಕಡಲಕುದುರೆ ಇನ್ನೂ ಸವೆಯದೆ ಎದ್ದು ನಿಂತಿತ್ತು. ಒಳಗಿನ ಯಂತ್ರ ಕ್ಯಾಲಿಬರ್ 562. ಸೀರಿಯಲ್ ಎರಡು ಕೋಟಿ ಇಪ್ಪತ್ತು ಲಕ್ಷದ ಆಸುಪಾಸು, ಅಂದರೆ ಯಾವ ಸಂಖ್ಯೆ ಯಾವ ವರ್ಷದ್ದೆಂದು ಹೇಳುವ ಪಟ್ಟಿಯ ಪ್ರಕಾರ 1965. ಈ ಪಟ್ಟಿಗಳು ಅಂದಾಜಿನವು, ಒಂದು ವರ್ಷ ಹಿಂದುಮುಂದಾಗಬಹುದು ಎಂದು ಅವರಿಗೆ ಹೇಳಿದೆ. ಅಷ್ಟನ್ನು ಮಾತ್ರ ಸರಿಯಾಗಿ ಹೇಳಿದೆ.

ನನಗೆ ಕೆಲಸ ಕಲಿಸಿದವರು ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯಿಂದ ನಿವೃತ್ತರಾದವರು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಶುರುವಾದ ಕಾರ್ಖಾನೆ ಅದು. ಅವರು ನನ್ನ ಕೈಗೆ ಕೊಟ್ಟದ್ದು ಹಳೆಯ ಜನತಾ ವಾಚುಗಳನ್ನು. ಬಿಚ್ಚು, ತೊಳೆ, ಎಣ್ಣೆ ಹಾಕು, ಜೋಡಿಸು, ಕಿವಿಗೆ ಹಿಡಿ. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಮೂವ್‌ಮೆಂಟಿನ, ಅಂದರೆ ಒಳಗಿನ ಯಂತ್ರದ, ಕಡೆಗೆ. ಈ ಸೀಮಾಸ್ಟರ್ ತೆರೆದಾಗ ಮನಸ್ಸು ತುಂಬಿತು. ಚಕ್ರಗಳನ್ನು ಹಿಡಿದಿಡುವ ತಾಮ್ರದ ಬಣ್ಣದ ಸೇತುವೆಗಳ ಮೇಲೆ ಒಂದು ಗೀರಿಲ್ಲ, ತಾನಾಗಿ ಕೀಲಿ ಕೊಡುವ ರೋಟರಿನ ಅಂಚು ಕೇಸಿಗೆ ಉಜ್ಜಿದ ಗುರುತಿಲ್ಲ. ಸರ್ವಿಸ್ ಆದ ಮೇಲೆ ವಾಚಿನ ಓಟ ಅಳೆಯುವ ಟೈಮ್‌ಗ್ರಾಫರಿನಲ್ಲಿಟ್ಟೆ: ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರದ ತೂಗಾಟ, 285 ಡಿಗ್ರಿ; ದಿನಕ್ಕೆ ಆರು ಸೆಕೆಂಡ್ ಮುಂದೆ; ಬೀಟ್ ಎರರ್, ಅಂದರೆ ಟಿಕ್-ಟಾಕ್ ನಡುವಿನ ಅಸಮತೆ, ಇಲ್ಲವೆನ್ನುವಷ್ಟು. ಪರದೆಯ ಮೇಲೆ ಗೆರೆ ದಾರ ಎಳೆದಂತೆ ನೇರವಾಗಿತ್ತು. ಅರವತ್ತು ವರ್ಷದ ಯಂತ್ರ ಹೀಗೆ ಓಡುವುದನ್ನು ಕಂಡರೆ ಇಂದಿಗೂ ನನಗೆ ಗಂಟಲು ಕಟ್ಟುತ್ತದೆ.

ಆ ಸಂತೋಷದಲ್ಲೇ ವಾಚಿನ ವಿವರ ಬರೆಯುವ ಇನ್‌ಟೇಕ್ ಫಾರ್ಮ್ ತುಂಬಿದೆ. ಅದರಲ್ಲಿ ಡಯಲಿಗೆ ಇರುವುದು ಒಂದೇ ಸಾಲು: ಮೂಲದ್ದು, ಹೌದು ಅಥವಾ ಇಲ್ಲ. ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಭೂತಗನ್ನಡಿ, ಹಿಡಿದು ನೋಡಿದೆ. ಕೆಳಗೆ 'ಸ್ವಿಸ್ ಮೇಡ್' ಎಂದಿತ್ತು. ಬೆಳ್ಳಿ ಬಣ್ಣ ಹದವಾಗಿ ಮಾಗಿದಂತಿತ್ತು. ಹೌದು ಎಂದು ಗುರುತು ಹಾಕಿ ಸಹಿ ಮಾಡಿದೆ. ಇಪ್ಪತ್ತು ಸೆಕೆಂಡ್ ಆಗಿರಬಹುದು. ಆ ತಿಂಗಳು ದಿನಕ್ಕೆ ಆರು ವಾಚು ಮುಗಿಸಬೇಕೆಂದು ಮೇಲಿನಿಂದ ಗುರಿ ಇಟ್ಟಿದ್ದರು. ಡಯಲಿನ ಬಣ್ಣ ಹಳೆಯದೋ ಹೊಸದೋ ಎಂದು ನೋಡುವ ಯುವಿ ಟಾರ್ಚು ಕೆಟ್ಟು ಐದು ವಾರವಾಗಿತ್ತು. ಕೊಡಿಸಿ ಎಂದು ಎರಡು ಸಲ ಕೇಳಿದ್ದೆ. ಇವೆಲ್ಲ ನಿಜ. ಆದರೆ ಸಹಿ ನನ್ನದು.

ಮರುದಿನ ಆಕೆಯೆದುರು ನಾನೇ ಹೇಳಿದೆ: "ಅಮ್ಮಾ, ಇದರಲ್ಲಿ ಗಾಜು ಮತ್ತು ಕೈಪಟ್ಟಿ ಮಾತ್ರ ಹೊಸದು. ಉಳಿದದ್ದೆಲ್ಲ ಕಾರ್ಖಾನೆಯಿಂದ ಬಂದ ಹಾಗೆಯೇ ಇದೆ." ಅವರು ವಾಚನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಂದು ಲಕ್ಷದ ಎಂಟು ಸಾವಿರ. ಪೂರ್ತಿ ಹಣ ಕಟ್ಟಿದರು. ಪಟ್ಟಿ ಅಳತೆಗೆ ಕತ್ತರಿಸಿ, ಎರಡು ದಿನ ಓಡಿಸಿ ನೋಡಿ, ಶುಕ್ರವಾರ ಸಂಜೆ ಕೊಡುವುದೆಂದು ಮಾತಾಯಿತು.

ಶುಕ್ರವಾರ ಸಂಜೆ ಆರೂವರೆಗೆ ಅವರು ಬಂದು ಶೋರೂಮಿನಲ್ಲಿ ಕುಳಿತಿದ್ದರು. ಹೊರಗೆ ಜೋರು ಮಳೆ. ನಾನು ಬೆಂಚಿನ ರಿಂಗ್ ಲೈಟಿನ ಕೆಳಗೆ ಕೊನೆಯ ಸಲ ಗಾಜು ಒರೆಸುತ್ತಿದ್ದೆ. ಕರೆಂಟು ಹೋಯಿತು. ಜನರೇಟರ್ ಹತ್ತಿಕೊಳ್ಳಲು ನಮ್ಮಲ್ಲಿ ಯಾವಾಗಲೂ ಮೂರು ನಾಲ್ಕು ನಿಮಿಷ ಬೇಕು.

ಕತ್ತಲಲ್ಲಿ ನನ್ನ ಕೈಯಲ್ಲಿದ್ದ ವಾಚು ಹಸಿರಾಗಿ ಹೊಳೆಯುತ್ತಿತ್ತು.

ಹನ್ನೆರಡು ಚುಕ್ಕೆ, ಎರಡು ಮುಳ್ಳು, ಎಲ್ಲ ಒಂದೇ ಹಸಿರು. ಟ್ರೇಯಲ್ಲಿ ಅದೇ ಕಾಲದ ಇನ್ನೊಂದು ಒಮೆಗಾ ಇತ್ತು; ಅದು ಇದ್ದ ಜಾಗದಲ್ಲಿ ಏನೂ ಕಾಣುತ್ತಿರಲಿಲ್ಲ. ಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ: ರಿಂಗ್ ಲೈಟಿನ ಕೆಳಗಿತ್ತಲ್ಲ, ಅದರ ಬೆಳಕು ಕುಡಿದಿದೆ, ಕೆಲವು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಹಳೆಯ ಲ್ಯೂಮ್, ಅಂದರೆ ಕತ್ತಲಲ್ಲಿ ಹೊಳೆಯಲೆಂದು ಹಚ್ಚುವ ಬಣ್ಣ, ಹಾಗೆ ಮಾಡುವುದುಂಟು. ಎಣಿಸತೊಡಗಿದೆ. ಮೂವತ್ತು. ಅರವತ್ತು. ನೂರು. ಹಸಿರು ಸ್ವಲ್ಪ ಇಳಿಯಿತು, ಆರಲಿಲ್ಲ. ನೂರೈವತ್ತರ ಹೊತ್ತಿಗೆ ಬೆನ್ನಿಗೆ ಬೆವರು ಬಂದಿತ್ತು. ಗೋಡೆಯಾಚೆ ಆಕೆ ಯಾರಿಗೋ ಫೋನಿನಲ್ಲಿ, "ಆಯಿತು, ಇನ್ನು ಹತ್ತು ನಿಮಿಷ, ದೇವಸ್ಥಾನದಲ್ಲಿದ್ದೇನೆ ಎಂದು ಹೇಳು" ಎನ್ನುವುದು ಕೇಳಿಸುತ್ತಿತ್ತು. ಇನ್ನೂರು. ಇನ್ನೂ ಹೊಳೆಯುತ್ತಿತ್ತು.

1965ರಲ್ಲಿ ಹಚ್ಚುತ್ತಿದ್ದದ್ದು ವಿಕಿರಣ ಸೂಸುವ ಟ್ರಿಟಿಯಂ. ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕಿಳಿಯಲು ಬೇಕಾದ ಕಾಲ, ಹನ್ನೆರಡು ವರ್ಷ ಚಿಲ್ಲರೆ. ಅರವತ್ತು ವರ್ಷದಲ್ಲಿ ನೂರಕ್ಕೆ ಮೂರೂವರೆ ಪಾಲು ಉಳಿದರೆ ಹೆಚ್ಚು, ಅದರ ಜೊತೆಗಿನ ಹೊಳೆಯುವ ಪುಡಿಯೂ ಸುಟ್ಟುಹೋಗಿರುತ್ತದೆ. ಹೀಗೆ ನಿಮಿಷಗಟ್ಟಲೆ ಬೆಳಗುವುದು 1990ರ ದಶಕದಲ್ಲಿ ಬಂದ ಲ್ಯುಮಿನೋವಾ ಜಾತಿಯ ಬಣ್ಣ. ಇದು ಗೊತ್ತಿಲ್ಲದ ಸಂಗತಿಯಲ್ಲ. ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ.

ದೀಪ ಬಂದಕೂಡಲೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಾಕಿದೆ. ಈಗ ಎಲ್ಲವೂ ಕಾಣಿಸಿತು. ನಾಲ್ಕರ ಚುಕ್ಕೆ ತನ್ನ ಗುಂಡಿಯಿಂದ ಕೂದಲೆಳೆಯಷ್ಟು ಆಚೆ ಚೆಲ್ಲಿತ್ತು. ಇಪ್ಪತ್ತಮೂರನೆಯ ನಿಮಿಷದ ಗೆರೆ ಅಂಚು ಮುಟ್ಟುವ ಮೊದಲೇ ನಿಂತಿತ್ತು. 'ಸೀಮಾಸ್ಟರ್' ಅಕ್ಷರಗಳ ಶಾಯಿ ದಪ್ಪ, ಅಂಚು ಒಸರಿದಂತೆ. ಮತ್ತು ಕೆಳಗೆ, ನಾನು ನೋಡಿ ತೃಪ್ತಿಪಟ್ಟಿದ್ದ ಆ 'ಸ್ವಿಸ್ ಮೇಡ್'. ಟ್ರಿಟಿಯಂ ಹಚ್ಚಿದ ಆ ವರ್ಷದ ಡಯಲಿನಲ್ಲಿ ಅದರ ಎರಡೂ ಬದಿಗೆ ಪುಟ್ಟ 'ಟಿ' ಇರಬೇಕಿತ್ತು. ಇರಲಿಲ್ಲ. ಇಡೀ ಡಯಲನ್ನೇ ಮತ್ತೆ ಮುದ್ರಿಸಿದ್ದರು.

ರೀಡಯಲ್ ಮಾಡುವುದು ಪಾಪವಲ್ಲ. ನಮ್ಮ ತೇವದ ಹವೆಯಲ್ಲಿ ಡಯಲ್ ಕಪ್ಪಾದರೆ ಹಿಂದಿನವರು ಮುಂಬೈಗೆ ಕಳಿಸಿ ಹೊಸದಾಗಿ ಬರೆಸುತ್ತಿದ್ದರು. ಅಂದವಾಗಿರಲಿ ಎಂಬುದು ಬಿಟ್ಟು ಬೇರೆ ಉದ್ದೇಶವಿರಲಿಲ್ಲ. ಅದನ್ನು ಮೂಲದ್ದು ಎಂದು ಮಾರುವುದು ಬೇರೆ.

ವ್ಯವಸ್ಥಾಪಕರಿಗೆ ತೋರಿಸಿದೆ. "ಕೊಟ್ಟುಬಿಡಿ. ಅವರ ಯಜಮಾನರಿಗೆ ರಾತ್ರಿ ಗಂಟೆ ಕಾಣಿಸುತ್ತದೆ, ಖುಷಿಪಡುತ್ತಾರೆ" ಎಂದರು. 2021ರಲ್ಲಿ ಜಿನೀವಾದ ಹರಾಜಿನಲ್ಲಿ ಒಮೆಗಾದ್ದೇ ಒಂದು ಸ್ಪೀಡ್‌ಮಾಸ್ಟರ್ ವಾಚು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋದದ್ದನ್ನು ನೆನಪಿಸಿದರು. ಕೊಂಡದ್ದು ಸ್ವತಃ ಒಮೆಗಾ, ತನ್ನ ಸಂಗ್ರಹಾಲಯಕ್ಕೆಂದು. ಅದು ಬೇರೆ ಬೇರೆ ವಾಚುಗಳ ಭಾಗ ಕೂಡಿಸಿ ಕಟ್ಟಿದ್ದೆಂದು 2023ರಲ್ಲಿ ಬಯಲಾಯಿತು. "ತಯಾರಿಸಿದವರೇ ಮೋಸಹೋದರು, ನೀವು ಯಾವ ಲೆಕ್ಕ?" ಎಂದರು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದಿರಬಹುದು. ಆದರೆ ಆ ಕಂಪನಿಗೆ ಪರೀಕ್ಷೆ ಮಾಡಲು ತನ್ನದೇ ದಾಖಲೆಗಳಿದ್ದವು, ತಜ್ಞರಿದ್ದರು. ಸಂಗ್ರಾಹಕರು ನಮ್ಮಲ್ಲಿಗೆ ಬರುವಾಗ ತಮ್ಮ ಲೂಪ್ ತಾವೇ ತರುತ್ತಾರೆ, ಹತ್ತು ಜನರನ್ನು ಕೇಳುತ್ತಾರೆ. ಗಂಡನಿಗೋ ಹೆಂಡತಿಗೋ ಗುಟ್ಟಾಗಿ ಉಡುಗೊರೆ ಕೊಳ್ಳುವವರಿಗೆ ಕೇಳಲು ಯಾರೂ ಇಲ್ಲ. ಮನೆಯಲ್ಲಿ ವಾಚಿನ ಬಗ್ಗೆ ತಿಳಿದವರು ಯಾರೋ ಅವರಿಗೇ ಹೇಳುವಂತಿಲ್ಲ. ಆಕೆಗೆ ಇದ್ದದ್ದು ನನ್ನ ಮಾತೊಂದೇ.

ಶೋರೂಮಿಗೆ ಹೋಗಿ ಆಕೆಗೆ ಹೇಳಿದೆ. ಲೂಪ್ ಕೊಟ್ಟು, ನಾಲ್ಕರ ಚುಕ್ಕೆ ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ತಾಳ್ಮೆಯಿಂದ ನೋಡಿದರು.

"ಒಳಗಿನದು 1965ರದ್ದೇ ತಾನೇ?"

"ಹೌದು. ಅದರಲ್ಲಿ ಅನುಮಾನವಿಲ್ಲ."

"ಮುಖ ಮಾತ್ರ ಬೇರೆ."

"ಹೌದು."

ಬೆಲೆಯಲ್ಲಿ ನಲವತ್ತು ಸಾವಿರ ಕಡಿಮೆ ಮಾಡಿ, ಬಿಲ್ಲಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದು ಕೊಡುತ್ತೇವೆ ಎಂದೆ. ಅದಕ್ಕೆ ವ್ಯವಸ್ಥಾಪಕರನ್ನು ಒಪ್ಪಿಸಿಯೇ ಬಂದಿದ್ದೆ. ಆಕೆ ಲೂಪನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟರು. "ಕಡಿಮೆ ಮಾಡಿ ಎಂದು ನಾನು ಕೇಳಿಲ್ಲವಲ್ಲ. ಯಜಮಾನರು ಕೇಳಿದರೆ ಏನೂ ಬದಲಾಗಿಲ್ಲ ಎಂದು ಹೇಳಬೇಕು ಅಂದುಕೊಂಡಿದ್ದೆ. ನೀವು ಹೇಳಿದ ಮಾತನ್ನೇ ಇಟ್ಟುಕೊಂಡಿದ್ದೆ." ಸಿಟ್ಟಿಲ್ಲದೆ ಹೇಳಿದರು. ಹಣ ವಾಪಸ್ ಕೊಡಿ ಎಂದರು.

ಇಲ್ಲಿ ಇನ್ನೊಂದು ಅನ್ಯಾಯವಾಯಿತು. ಹಣ ಕಟ್ಟಿಸಿಕೊಳ್ಳಲು ನಮಗೆ ಒಂದು ನಿಮಿಷ ಸಾಕು. ಮರಳಿಸಲು ಹತ್ತು ಕೆಲಸದ ದಿನ ಎಂಬ ನಿಯಮ. ತಪ್ಪು ಅಂಗಡಿಯದ್ದೇ ಆದಾಗಲೂ ಅದೇ ನಿಯಮ. ಶನಿವಾರ ಇನ್ನೆಲ್ಲಾದರೂ ಹುಡುಕಿಕೊಳ್ಳೋಣವೆಂದರೂ ಅವರ ಕೈಯಲ್ಲಿ ದುಡ್ಡಿರಲಿಲ್ಲ. ಆ ರಾತ್ರಿ ನಾನು ಎಷ್ಟು ವಾದಿಸಿದರೂ ಲೆಕ್ಕಪತ್ರದವರು ಬಗ್ಗಲಿಲ್ಲ. ಭಾನುವಾರ ಶಾಂತಿ ನಡೆಯಿತು. ವಾಚು ನಮ್ಮ ಟ್ರೇಯಲ್ಲಿತ್ತು.

ಆಮೇಲೆ ಶೂ ಡಬ್ಬಿಯೊಂದಕ್ಕೆ ಒಳಗೆಲ್ಲ ಕಪ್ಪು ಮಖಮಲ್ಲು ಅಂಟಿಸಿ, ಮುಚ್ಚಳದಲ್ಲಿ ಕಣ್ಣಿನಷ್ಟು ತೂತು ಕೊರೆದೆ. ಈಗ ನನ್ನ ಬೆಂಚಿಗೆ ಬರುವ ಪ್ರತಿ ವಾಚೂ ಸರ್ವಿಸಿಗೆ ಮೊದಲು ಎರಡು ನಿಮಿಷ ಅದರೊಳಗೆ ಕೂರುತ್ತದೆ. ಡಯಲ್ ನೋಡಿ ಮುಗಿಸುವವರೆಗೆ ಬೆನ್ನು ತೆರೆಯುವುದಿಲ್ಲ. ಫಾರ್ಮಿನಲ್ಲಿ ಡಯಲ್, ಮುಳ್ಳು, ಲ್ಯೂಮ್ ಮೂರಕ್ಕೂ ಬೇರೆ ಬೇರೆ ಸಾಲು ಬೇಕೆಂದು ಬರೆದುಕೊಟ್ಟೆ; ಇನ್ನೂ ಅಚ್ಚಾಗಿ ಬಂದಿಲ್ಲ, ಕೈಯಲ್ಲೇ ಗೆರೆ ಎಳೆದುಕೊಳ್ಳುತ್ತೇನೆ. ಹೊಸ ಟಾರ್ಚು ಬಂದಿದೆ. ಉಡುಗೊರೆಗೆಂದು ಬರುವವರಿಗೆ ಬಿಲ್ಲಿನಲ್ಲೇ ಯಾವುದು ಮೂಲದ್ದು, ಯಾವುದು ಬದಲಾದದ್ದು ಎಂದು ಬರೆಸಿಕೊಳ್ಳಲು ಹೇಳುತ್ತೇನೆ, ಬೆನ್ನು ತೆರೆದ ಫೋಟೋ ಕೇಳಲು ಹೇಳುತ್ತೇನೆ, ನೀರು ತಾಗಿಸಬೇಡಿ ಎನ್ನುತ್ತೇನೆ. ಗುರಿ ಈಗಲೂ ದಿನಕ್ಕೆ ಆರೇ ಇದೆ. ನಾನು ನಾಲ್ಕು ಮುಗಿಸುತ್ತೇನೆ.

ಸೆಪ್ಟೆಂಬರಿನಲ್ಲಿ ಆಕೆ ಒಮ್ಮೆ ಕರೆ ಮಾಡಿದ್ದರು. ಅರವತ್ತೊಂದಕ್ಕಾದರೂ ಆಗುತ್ತದೆ, ಸಿಕ್ಕರೆ ತಿಳಿಸಿ ಎಂದರು. ಇದುವರೆಗೆ ಮೂರು ಸೀಮಾಸ್ಟರ್ ಬಂದಿವೆ. ಎರಡು 1967ರವು. ಒಂದು 1965ರದ್ದೇ, ಎರಡು 'ಟಿ' ಇದ್ದವು, ಡಬ್ಬಿಯಲ್ಲಿ ಪೂರ್ತಿ ಕತ್ತಲಾಗಿಯೇ ಉಳಿಯಿತು. ಆದರೆ ನಿಮಿಷದ ಮುಳ್ಳು ಬೇರೆ ವಾಚಿನದು. ಕರೆ ಮಾಡಲಿಲ್ಲ. ಹುಡುಕುತ್ತಿದ್ದೇನೆ.